ಸೌದೆ ಮನೆಯಲ್ಲಿ ಅಪ್ಪನ ಹಾಬಿ

ಚಿಂತಾಮಣಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಕೋಣೆಗಳು ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಇದ್ದವು. ಮುಂದಿನದು ತಾತನ ಕೋಣೆ. ಯಾರು ಬಂದರೂ ತಾತನ ಮಂಚ ಸವರಿಕೊಂಡೇ ಒಳಗೆ ಹೋಗಬೇಕು. ನಡುವಿನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು ಮಲಗುತ್ತಿದ್ದೆವು. ಅದರ ಹಿಂದೆ ಅಡಿಗೆಮನೆ. ಅಡಿಗೆಮನೆಯ ಬಾಗಿಲು ತೆರೆದರೆ ಹಿತ್ತಲು, ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ತಗಡು ಹೊದಿಸಿದ ಒಂದು ಸೌದೆ ಮನೆ. ಮನೆಯೊಡತಿ ಮಹಡಿಯ ಮೇಲಿದ್ದಳು. ಅವಳನ್ನು ಎಲ್ಲರೂ ಓನರಮ್ಮ ಎನ್ನುತ್ತಿದ್ದರು. ಮನೆ ನೋಡಲು ಹೋದ ದಿನ ಅವಳು, ನೀವು ಯಾವ ಜನ ಎಂದು ಕೇಳಿದಳಂತೆ. ಅಪ್ಪ, ನಾವು ಬೌದ್ಧರು ಎಂದನಂತೆ. ಹಾಗಾದರೆ ಮಾಂಸ ಮಾಡುವುದಿಲ್ಲ ಅನ್ನಿ ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಅಪ್ಪ ಸುಮ್ಮನೆ ನಕ್ಕ. ಆ ನಗುವಿನ ಆಸರೆಯಲ್ಲಿ ನಾವು ಎಷ್ಟೋ ವರ್ಷ ಬದುಕಿದೆವು. ಮಾಂಸ ತಿನ್ನಬೇಕೆನಿಸಿದರೆ ಶಿಡ್ಲಘಟ್ಟದ ಚಿಕ್ಕಮ್ಮನ ಮನೆಗೆ ಬಸ್ಸು ಹತ್ತುತ್ತಿದ್ದೆವು. ವಾಪಸು ಬರುವ ಮೊದಲು ಅಮ್ಮ ನನ್ನ ಕೈ ಮೂಸಿ ನೋಡಿ, ಇನ್ನೊಮ್ಮೆ ಸೋಪು ಹಾಕಿ ತೊಳೆಸುತ್ತಿದ್ದಳು.

ತಾತ ಅಪ್ಪನ ತಂದೆ. ಗೌರಿಬಿದನೂರಿನ ಆಚೆಯ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ, ಹಳಿಯ ಮೇಲೆ ಬಿಸಿಲು ತಿಂದು ಅಪ್ಪನನ್ನು ಓದಿಸಿದವನು. ತಾತನಿಗೂ ಅಪ್ಪನಿಗೂ ನಾವು ಏಕವಚನವನ್ನೇ ಬಳಸುತ್ತಿದ್ದೆವು. ಅಮ್ಮನೊಬ್ಬಳು ಅವರಿಬ್ಬರಿಗೂ ಬಹುವಚನ ಹಚ್ಚುತ್ತಿದ್ದಳು; ಉಳಿದ ನಮಗೆ ಬಹುವಚನ ಹೊರಗಿನವರಿಗೆ ಮಾತ್ರ. ನಮ್ಮ ಹಿರಿಯರದು ಚರ್ಮದ ಕೆಲಸ. ಸತ್ತ ದನ ಹೊತ್ತು ತಂದು, ತೊಗಲು ಬಿಡಿಸಿ, ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಹಾಕಿ ಹದ ಮಾಡಿ, ಊರವರಿಗೆ ಚಪ್ಪಲಿ ಹೊಲಿದುಕೊಡುವುದು. ತಾತ ಅದನ್ನು ಹುಡುಗನಾಗಿದ್ದಾಗಲೇ ಬಿಟ್ಟ. ಬಿಟ್ಟದ್ದು ಯಾಕೆ ಎನ್ನುವುದನ್ನು ಅವನು ಪ್ರತಿ ಸಲವೂ ಒಂದೇ ಥರ ಹೇಳುತ್ತಿದ್ದ. ಸ್ಲೇಟು ಹಿಡಿದುಕೊಂಡು ಶಾಲೆಗೆ ಹೊರಟಿದ್ದಾಗ ಊರಿನ ದೊಡ್ಡ ಮನೆಯ ಹೆಂಗಸೊಬ್ಬಳು ಅವನನ್ನು ನಿಲ್ಲಿಸಿ, ಕಿತ್ತುಹೋದ ಚಪ್ಪಲಿಯನ್ನು ಕೋಲಿನಿಂದ ಅವನ ಕಡೆ ತಳ್ಳಿ, ಆ ಸ್ಲೇಟು ಕೆಳಗಿಡು, ಮೊದಲು ಇದನ್ನು ನೋಡು ಎಂದಳಂತೆ. ತಾತ ಸ್ಲೇಟು ಕೆಳಗಿಟ್ಟು ಚಪ್ಪಲಿ ಹೊಲಿದುಕೊಟ್ಟ. ಶಾಲೆಗೆ ಹೋಗುವ ಹೊತ್ತಿಗೆ ಬಾಗಿಲು ಹಾಕಿತ್ತು. ಆಮೇಲೆ ಅವನು ಉಳಿ ಹಿಡಿಯಲಿಲ್ಲ. ಬೌದ್ಧನಾದ ಮೇಲಂತೂ ಚರ್ಮದ ಒಂದು ಚೂರೂ ನಮ್ಮ ಮನೆಯೊಳಗೆ ಬರುವ ಹಾಗಿರಲಿಲ್ಲ. ಅಪ್ಪನ ಕೈಗಡಿಯಾರಕ್ಕೆ ಪ್ಲಾಸ್ಟಿಕ್ ಪಟ್ಟಿ, ಪ್ಯಾಂಟಿಗೆ ನೈಲಾನ್ ಬೆಲ್ಟು, ನನ್ನ ಸ್ಕೂಲಿಗೆ ಬಟ್ಟೆಯ ಚೀಲ. ಬೇರೆ ಮಕ್ಕಳ ಮನೆಯಲ್ಲಿ ಈರುಳ್ಳಿಗೋ ಮೊಟ್ಟೆಗೋ ನಿಷೇಧವಿದ್ದ ಹಾಗೆ ನಮ್ಮಲ್ಲಿ ಇದು.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಬೇಸಿಗೆಯಲ್ಲಿ ಕಲೆಯ ಮೇಷ್ಟ್ರುಗಳಿಗೆಲ್ಲ ಬೆಂಗಳೂರಿನಲ್ಲಿ ಕರಕುಶಲ ತರಬೇತಿ ಕೊಟ್ಟರು. ಬಟ್ಟೆಗೆ ಬಣ್ಣ ಹಾಕುವುದು, ಕಾಗದದ ಗೊಂಬೆ, ಜೊತೆಗೆ ಚರ್ಮದ ಕೆಲಸ. ಅಪ್ಪ ಚರ್ಮದ ಗುಂಪಿಗೆ ಬಿದ್ದ. ಅಲ್ಲಿ ಅವನು ಕಂಡದ್ದನ್ನು ಅಮ್ಮನ ಮುಂದೆ ಎಷ್ಟು ಸಲ ಹೇಳಿದನೋ. ಎಲ್ಲ ಜಾತಿಯ ಮೇಷ್ಟ್ರುಗಳೂ ಒಂದೇ ಉದ್ದದ ಮೇಜಿಗೆ ಕುಳಿತು ಚರ್ಮ ಕೊಯ್ಯುತ್ತಿದ್ದರಂತೆ. ಮೈಸೂರಿನ ಒಬ್ಬ ಟೀಚರಮ್ಮ ಮಡಿ ಕುಟುಂಬದವಳು, ಮೂಗು ಮುಚ್ಚಿಕೊಳ್ಳದೆ ಒಂದು ಪರ್ಸು ಹೊಲಿದು, ಅದಕ್ಕೆ ನವಿಲು ಬಿಡಿಸಿ, ಎಲ್ಲರಿಗೂ ತೋರಿಸಿಕೊಂಡು ಓಡಾಡಿದಳಂತೆ. ಯಾರೂ ಯಾರನ್ನೂ ನಿಮ್ಮದು ಯಾವ ಜನ ಎಂದು ಕೇಳಲಿಲ್ಲವಂತೆ. ಅಪ್ಪ ಅಲ್ಲಿ ಒಂದು ಬೆಲ್ಟು ಮಾಡಿದ. ತರಬೇತಿ ಮುಗಿಸಿ ಮನೆಗೆ ಬಂದಾಗ ಅದು ಅವನ ಸೊಂಟದಲ್ಲಿತ್ತು. ಅಂಗಿಯನ್ನು ಹೊರಗೆ ಬಿಟ್ಟಿದ್ದ. ಬಾಗಿಲಲ್ಲಿ ಬಗ್ಗಿ ಚೀಲ ಇಡುವಾಗ ಅಂಗಿ ಮೇಲೆ ಸರಿಯಿತು. ತಾತನ ಕಣ್ಣು ಅಲ್ಲಿಗೇ ಹೋಯಿತು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗಿತ್ತೋ ಏನೋ.

“ಏನೋ ಅದು ಸೊಂಟದಲ್ಲಿ?”

“ಬೆಲ್ಟು ಕಣಪ್ಪ. ಟ್ರೈನಿಂಗಲ್ಲಿ ನಾನೇ ಮಾಡ್ದೆ.”

“ನೀನೇ ಮಾಡ್ದ್ಯಾ?” ತಾತ ಎದ್ದು ಕುಳಿತ. ಕೋಪ ಬಂದರೆ ಅವನ ಬಾಯಿಗೆ ತೆಲುಗು ಬರುತ್ತಿತ್ತು. “ಸಿಗ್ಗು ಲೇದಾ ನೀಕು? ನಾಚ್ಕೆ ಆಗಲ್ವೇನೋ? ಇದನ್ನ ಬಿಡಕ್ಕೆ ನಾನು ಊರು ಬಿಟ್ಟೆ, ದೇವ್ರು ಬಿಟ್ಟೆ. ನೀನು ಸರ್ಕಾರದ ಖರ್ಚಲ್ಲಿ ಹೋಗಿ ಕಲ್ಕೊಂಡ್ ಬಂದ್ಯಾ?”

“ಅಪ್ಪಾ, ಇದು ಕಸುಬಲ್ಲ. ಹಾಬಿ. ಬೇಜಾರು ಕಳೆಯಕ್ಕೆ ಜನ ಮಾಡ್ತಾರೆ. ಅಲ್ಲಿ ಬ್ರಾಹ್ಮಣ್ರೂ ಮಾಡ್ತಿದ್ರು.”

“ಅವ್ರು ಮಾಡಿದ್ರೆ ಹಾಬಿ ಕಣೋ. ನಾವು ಮಾಡಿದ್ರೆ ಅದು ಜಾತಿ.”

ಅಪ್ಪ ಏನೋ ಹೇಳಲು ಹೋದ. ಅಮ್ಮ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಆ ಹೊತ್ತಿನ ಊಟಕ್ಕೆ ತಾತ ಬರಲಿಲ್ಲ. ಮುದ್ದೆ ತಣ್ಣಗಾಗಿ ತಟ್ಟೆಗೆ ಅಂಟಿಕೊಂಡಿತು. ನಾಲ್ಕಾರು ದಿನ ಹಾಗೇ ಕಳೆಯಿತು. ಆಮೇಲೆ ಅಮ್ಮನೇ ನಡುವೆ ನಿಂತು ಒಂದು ಒಪ್ಪಂದ ಮಾಡಿಸಿದಳು: ಅಪ್ಪ ಏನು ಮಾಡುವುದಿದ್ದರೂ ಸೌದೆ ಮನೆಯಲ್ಲಿ ಮಾಡಲಿ, ಅಡಿಗೆಮನೆಯ ಹೊಸಲು ದಾಟಿ ಒಂದು ಚೂರೂ ಒಳಗೆ ಬರಬಾರದು. ತಾತ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ಆಮೇಲಿನ ಭಾನುವಾರಗಳು ನನ್ನ ಬಾಲ್ಯದ ಒಳ್ಳೆಯ ದಿನಗಳು. ಇದನ್ನು ಹೇಳಲು ಈಗಲೂ ನನಗೆ ಹಿಂಜರಿಕೆ. ಬೆಳಗಿನ ತಿಂಡಿ ಮುಗಿಸಿ ಅಪ್ಪ ಹಳೆಯ ಲುಂಗಿ ಉಟ್ಟು ಸೌದೆ ಮನೆ ಹೊಕ್ಕನೆಂದರೆ ಮಧ್ಯಾಹ್ನದ ಊಟಕ್ಕೂ ಕೂಗಬೇಕು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದೆ. ದಪ್ಪ ಚರ್ಮವನ್ನು ಹಲಗೆಯ ಮೇಲೆ ಹರಡಿ, ಉಕ್ಕಿನ ಸ್ಕೇಲು ಇಟ್ಟು, ಒಂದೇ ಎಳೆತದಲ್ಲಿ ಬೆಲ್ಟಿನ ಉದ್ದಕ್ಕೆ ಕೊಯ್ಯುತ್ತಿದ್ದ. ಮುಳ್ಳುಚಮಚದ ಹಾಗಿದ್ದ ಒಂದು ಉಳಿಯಿಂದ ಅಂಚಿನುದ್ದಕ್ಕೂ ತೂತಿನ ಸಾಲು ಹೊಡೆಯುತ್ತಿದ್ದ. ಮೇಣ ಹಚ್ಚಿದ ಒಂದು ದಾರಕ್ಕೆ ಎರಡು ತುದಿಯಲ್ಲೂ ಸೂಜಿ. ಪ್ರತಿ ತೂತಿನಲ್ಲೂ ಆ ಕಡೆಯದು ಈ ಕಡೆ, ಈ ಕಡೆಯದು ಆ ಕಡೆ ದಾಟಬೇಕು. ಹಾಗೆ ಹೊಲಿದರೆ ಒಂದು ಹೊಲಿಗೆ ಹರಿದರೂ ಉಳಿದದ್ದು ಬಿಚ್ಚುವುದಿಲ್ಲ ಎನ್ನುತ್ತಿದ್ದ. ಕೊನೆಗೆ ಅಂಚು. ಅದಕ್ಕೇ ಅವನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದದ್ದು. ಉಜ್ಜುಕಾಗದ ಹಾಕಿ ತಿಕ್ಕಿ, ಅಮ್ಮನ ಕೈಯಲ್ಲಿ ಹುಣಸೆಬೀಜದ ಅಂಟು ಕಾಯಿಸಿಕೊಂಡು ಅದನ್ನು ಸವರಿ, ಮರದ ತುಂಡಿನಿಂದ ಉಜ್ಜಿ ಉಜ್ಜಿ, ಎರಡು ಪದರದ ಚರ್ಮ ಬೆರಳಿಗೆ ಒಂದೇ ಎನಿಸುವವರೆಗೂ ಬಿಡುತ್ತಿರಲಿಲ್ಲ. ಶಾಲೆಯಿಂದ ಸೋತ ಮುಖ ಹೊತ್ತು ಬರುತ್ತಿದ್ದ ಮನುಷ್ಯ ಅಲ್ಲಿ ಕುಳಿತು ಹಾಡು ಗುನುಗುತ್ತಿದ್ದ.

“ಅಂಟು ಕಾಯ್ಸು, ಮೇಣ ಕರಗ್ಸು. ನನ್ನ ಒಲೇನ ನಿಮ್ಮ ಕಾರ್ಖಾನೆ ಮಾಡ್ಕೊಂಡ್ರಲ್ರೀ,” ಎಂದು ಅಮ್ಮ ಬೈಯುತ್ತಿದ್ದಳು. ಬೈಯುತ್ತಲೇ ಕಾಯಿಸಿಕೊಡುತ್ತಿದ್ದಳು.

ಬೆಲ್ಟುಗಳನ್ನು ಅಪ್ಪ ಮಾರಲಿಲ್ಲ. ಹೆಡ್ ಮೇಷ್ಟ್ರಿಗೆ ಒಂದು, ಜೊತೆಯ ಗಣಿತದ ಮೇಷ್ಟ್ರಿಗೆ ಒಂದು, ಹೀಗೆ ಹಂಚಿದ. ಕೊಟ್ಟಾಗ ಅವರೆಲ್ಲ ಅಪ್ಪನನ್ನು ಕಲಾವಿದರು ಎಂದರು. ಶಾಲೆಯ ಕ್ರೀಡಾಕೂಟಕ್ಕೆ ಅತಿಥಿಯಾಗಿ ಬಂದಿದ್ದ ಸಬ್‌ಇನ್‌ಸ್ಪೆಕ್ಟರೊಬ್ಬರು ಹೆಡ್ ಮೇಷ್ಟ್ರ ಬೆಲ್ಟು ನೋಡಿ, ಯಾರು ಮಾಡಿದ್ದು ಎಂದು ಕೇಳಿದರಂತೆ. ಮುಂದಿನ ಭಾನುವಾರ ನಮ್ಮ ಮನೆಯ ಮುಂದೆ ಪೊಲೀಸ್ ಜೀಪು ನಿಂತಿತು. ಮಹಡಿಯ ಮೇಲಿಂದ ಓನರಮ್ಮ ಬಗ್ಗಿ ನೋಡಿದಳು. ತಾತ ಮಂಚದಿಂದ ಇಳಿದು ನಿಂತುಬಿಟ್ಟ. ಅವನ ಆಯುಸ್ಸಿನಲ್ಲಿ ಪೊಲೀಸರು ಕೇರಿಗೆ ಬಂದದ್ದು ಯಾರನ್ನಾದರೂ ಎಳೆದುಕೊಂಡು ಹೋಗಲಿಕ್ಕೇ. ಸಬ್‌ಇನ್‌ಸ್ಪೆಕ್ಟರು ಟೋಪಿ ತೆಗೆದು, “ಕೂತ್ಕೊಳ್ಳಿ ತಾತ,” ಎಂದು ಹಿತ್ತಲಿಗೆ ಹೋದರು. ತಮಗೆ ಕೊಟ್ಟಿದ್ದ ಪಿಸ್ತೂಲಿನ ಪೌಚು ಸಡಿಲವಾಗಿದೆ, ಓಡುವಾಗ ಕುಣಿಯುತ್ತದೆ, ಸರಿಯಾದದ್ದು ಒಂದು ಮಾಡಿಕೊಡುತ್ತೀರಾ ಎಂದು ಕೇಳಿದರು. ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಪಿಸ್ತೂಲನ್ನು ಹಲಗೆಯ ಮೇಲಿಟ್ಟರು. ಅಪ್ಪ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ, ಎಲ್ಲ ಕಡೆಯಿಂದ ಅಳತೆ ತೆಗೆದುಕೊಂಡ. ಅಮ್ಮ ಟೀ ತಂದಳು. ಅವರು ನಮ್ಮ ಮನೆಯ ಸ್ಟೀಲ್ ಲೋಟವನ್ನು ತುಟಿಗೆ ಹಚ್ಚಿ ಕುಡಿದರು. ತಾತ ಅಡಿಗೆಮನೆಯ ಬಾಗಿಲಿನ ಮರೆಯಲ್ಲಿ ನಿಂತು ಆ ಲೋಟವನ್ನೇ ನೋಡುತ್ತಿದ್ದ.

ಪಿಸ್ತೂಲು ಇಡುವ ಹೋಲ್‌ಸ್ಟರ್ ಮಾಡುವುದು ಬೆಲ್ಟು ಮಾಡಿದ ಹಾಗಲ್ಲ. ಪಿಸ್ತೂಲಂತೂ ನಮ್ಮ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ಅಪ್ಪ ಅಳತೆಗೆ ಸರಿಯಾಗಿ ಮರದ ಪಿಸ್ತೂಲೊಂದನ್ನು ಕೆತ್ತಿದ. ಚರ್ಮ ಕೊಯ್ದು, ಹೊಲಿದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮರದ ಪಿಸ್ತೂಲಿಗೆ ಪ್ಲಾಸ್ಟಿಕ್ ಸುತ್ತಿ ಒಳಗೆ ತುರುಕಿದ. ಆಮೇಲೆ ಅಮ್ಮನ ಚಮಚದ ಹಿಂಬದಿಯಿಂದ ಮೆಲ್ಲಗೆ ಒತ್ತುತ್ತಾ ಹೋದ. ಕುದುರೆ ಎಳೆಯುವ ಜಾಗ, ನಳಿಗೆಯ ಅಂಚು, ಮೇಲಿನ ಏಣು ಎಲ್ಲವೂ ಒಳಗಿಂದ ಒಂದೊಂದಾಗಿ ಮೂಡಿದವು. ನೆರಳಿನಲ್ಲಿ ಒಣಗಿಸಿ, ಕಂದು ಬಣ್ಣ ಕೊಟ್ಟು, ಹಿತ್ತಾಳೆಯ ಟಿಚ್ ಬಟನ್ ಹಾಕಿ, ಎಣ್ಣೆ ಉಜ್ಜಿದ. ಮರದ ಪಿಸ್ತೂಲನ್ನು ಒಳಗಿಟ್ಟು ತಲೆಕೆಳಗು ಮಾಡಿ ಅಲುಗಾಡಿಸಿದರೂ ಬೀಳಲಿಲ್ಲ. ಅದು ಮುಗಿದ ದಿನ ತಾತ ಮುಖ ತೊಳೆಯಲೆಂದು ಹಿತ್ತಲಿಗೆ ಬಂದವನು ಸೌದೆ ಮನೆಯ ಬಾಗಿಲಲ್ಲಿ ನಿಂತ. ಅಪ್ಪ ಕೈ ನಿಲ್ಲಿಸಿದ. ತಾತ ಕೈ ಚಾಚಿದ. ಹೋಲ್‌ಸ್ಟರನ್ನು ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಹೆಬ್ಬೆರಳನ್ನು ಅಂಚಿನುದ್ದಕ್ಕೂ ಎಳೆದ.

“ಅಂಚು ಚೆನ್ನಾಗಿ ಬಂದಿದೆ,” ಎಂದ.

ಅಷ್ಟೇ. ವಾಪಸು ಕೊಟ್ಟು ನಲ್ಲಿಯ ಹತ್ತಿರ ಹೋಗಿ ಕೈಯನ್ನು ಬಹಳ ಹೊತ್ತು ತೊಳೆದ. ಅಪ್ಪ ತಗಡಿನ ಗೋಡೆಗೆ ಒರಗಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗ. ಅದು ಸಂತೋಷದ ಅಳು.

ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪನಿಗೆ ಸನ್ಮಾನ ಮಾಡುತ್ತಾರೆ ಎಂದು ಹೆಡ್ ಮೇಷ್ಟ್ರು ಹೇಳಿ ಕಳುಹಿಸಿದರು. ತಾತನೂ ಬರುತ್ತೇನೆ ಎಂದ. ಅಮ್ಮನಿಗೆ ನಂಬಲಾಗಲಿಲ್ಲ. ತಾತ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು, ಮೂರನೆಯ ಸಾಲಿನಲ್ಲಿ ನಮ್ಮ ಪಕ್ಕ ಕುಳಿತ. ವೇದಿಕೆಯ ಮೇಲೆ ಸಬ್‌ಇನ್‌ಸ್ಪೆಕ್ಟರೂ ಇದ್ದರು. ಅವರ ಸೊಂಟದಲ್ಲಿ ಅಪ್ಪನ ಹೋಲ್‌ಸ್ಟರ್. ನಾನು ಅದನ್ನು ಪಕ್ಕದ ಹುಡುಗಿಗೆ ತೋರಿಸಿದೆ. ಅಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮುಖ್ಯ ಅತಿಥಿ ಮೈಕಿನ ಮುಂದೆ ಬಂದರು. ಊರಿನ ಒಬ್ಬ ಮುಖಂಡರು, ಒಳ್ಳೆಯ ಮಾತುಗಾರರು. ಅವರ ದನಿಯಲ್ಲಿ ನಿಜವಾಗಿಯೂ ಅಭಿಮಾನವಿತ್ತು. ಅದನ್ನು ನಾನು ಈಗಲೂ ಸುಳ್ಳೆನ್ನಲಾರೆ.

“ಇವತ್ತಿನ ಕಾಲದಲ್ಲಿ ನಾಲ್ಕಕ್ಷರ ಕಲಿತು ನೌಕರಿ ಸಿಕ್ಕಿದ ಕೂಡಲೇ ಎಲ್ಲರೂ ಕುಲಕಸುಬು ಮರೀತಾರೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಮರೆತಿಲ್ಲ. ಸರ್ಕಾರಿ ಸಂಬಳ ಬಂದ್ರೂ ತಾತ ಮುತ್ತಾತಂದಿರ ಉಳೀನ ಕೆಳಗಿಟ್ಟಿಲ್ಲ. ಇದು ಕಲಿತು ಬರೋ ವಿದ್ಯೆ ಅಲ್ಲ ಸ್ವಾಮಿ, ರಕ್ತದಲ್ಲಿ ಬರೋದು. ಇಂಥೋರಿಗೆ ಜೋರಾಗಿ ಚಪ್ಪಾಳೆ ತಟ್ಟಿ!”

ಎಲ್ಲರೂ ತಟ್ಟಿದರು. ಮಕ್ಕಳು ತಟ್ಟಿದರು, ಮೇಷ್ಟ್ರುಗಳು ತಟ್ಟಿದರು, ಸಬ್‌ಇನ್‌ಸ್ಪೆಕ್ಟರು ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರೆಂದು ನಾನೂ ತಟ್ಟುತ್ತಿದ್ದೆ. ಅಮ್ಮ ನನ್ನ ಎರಡೂ ಕೈ ಹಿಡಿದು ಮಡಿಲಿಗೆ ಒತ್ತಿಕೊಂಡಳು. ಅಪ್ಪ ಶಾಲು ಹೊದ್ದು, ಕೈ ಮುಗಿದು, ನಗುತ್ತಾ ನಿಂತಿದ್ದ. ಮನೆ ಬಾಡಿಗೆಗೆ ಕೇಳುವಾಗಲೂ ಅವನು ಹೀಗೇ ನಕ್ಕಿರಬೇಕು. ತಾತ ಎದ್ದ, ಪಂಚೆಯ ಧೂಳು ಕೊಡವಿಕೊಂಡ, ಯಾರ ಕಾಲಿಗೂ ತಾಗದ ಹಾಗೆ ಸಾಲಿನಿಂದ ಹೊರಗೆ ನಡೆದ. ನಾವು ಮನೆಗೆ ಬಂದಾಗ ಮಂಚದ ಮೇಲೆ ಕುಳಿತಿದ್ದ. ಅಪ್ಪ ಹಣ್ಣಿನ ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

“ನಾನು ಕೆಳಗಿಟ್ಟಿದ್ದೆ ಕಣೋ,” ಎಂದ ತಾತ. ಕೋಪವಿರಲಿಲ್ಲ, ತೆಲುಗೂ ಇರಲಿಲ್ಲ. “ನಾನು ಕೆಳಗಿಟ್ಟಿದ್ದೆ.”

ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ ನನ್ನನ್ನು ಹೊಗಳಲು ಶುರುಮಾಡಿದರೆ ಅದರ ಮುಂದಿನ ವಾಕ್ಯಕ್ಕಾಗಿ ಮೈಯೆಲ್ಲ ಬಿಗಿಹಿಡಿದು ಕಾಯುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳಿ ತಲೆ ನರೆತಿದೆ. ಈಗಲೂ ಚಪ್ಪಾಳೆ ಕೇಳಿದರೆ ಕೈ ತಾನಾಗಿ ಮಡಿಲಿಗೆ ಹೋಗುತ್ತದೆ. ಮುಂದಿನ ವಾಕ್ಯ ಎಷ್ಟೋ ಸಲ ಬಂದಿಲ್ಲ. ಆದರೂ ಕಾಯುವುದು ನಿಂತಿಲ್ಲ.

ವಾರ್ಷಿಕೋತ್ಸವ ಕಳೆದು ವಾರವೂ ಆಗಿರಲಿಲ್ಲ. ಸಂಜೆ ಒಬ್ಬ ವಿದ್ಯಾರ್ಥಿ ಪ್ಲಾಸ್ಟಿಕ್ ಕವರು ಹಿಡಿದು ಬಂದ. ಗಣಿತದ ಮೇಷ್ಟ್ರು ಕಳಿಸಿದ್ದು.

“ಸಾರ್ ಹೇಳಿದ್ರು, ಬಿಡುವಾದಾಗ ಇದನ್ನ ಸ್ವಲ್ಪ ಹೊಲ್ಕೊಡಬೇಕಂತೆ.”

ಕವರಿನಲ್ಲಿ ಉಂಗುಷ್ಟ ಕಿತ್ತ ಚಪ್ಪಲಿ. ಅಪ್ಪ ಅದನ್ನು ನೋಡುತ್ತಾ ನಿಂತ. ಆಮೇಲೆ, ಆಯ್ತು ಅಂತ ಹೇಳಪ್ಪ ಎಂದು ಹುಡುಗನನ್ನು ಕಳಿಸಿದ. ಅಮ್ಮ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು.

“ಯಾಕ್ರೀ ಇಟ್ಕೊಂಡ್ರಿ? ಬಸ್ ಸ್ಟ್ಯಾಂಡ್ ಹತ್ರ ಹೊಲಿಯೋರು ಇಲ್ವಾ? ಬೆಲ್ಟು ಕೊಟ್ಟಾಗ ಕಲಾವಿದರು ಅಂದ್ರು. ಈಗ ಏನಂತಾರೆ, ಹೋಗಿ ಕೇಳ್ಕೊಂಡ್ ಬನ್ನಿ.”

“ಸಲುಗೆಗೆ ಕಳ್ಸಿರ್ತಾರೆ ಕಣೇ. ಇಲ್ಲ ಅಂದ್ರೆ ಅವರಿಗೆ ಬೇಜಾರಾಗುತ್ತೆ.”

“ನಿಮಗೆ?”

ಅಪ್ಪ ಆ ಚಪ್ಪಲಿಯನ್ನು ಹೋಲ್‌ಸ್ಟರಿಗೆ ಬಳಸಿದ್ದ ಅದೇ ಮೇಣದ ದಾರದಲ್ಲಿ, ಅದೇ ಎರಡು ಸೂಜಿಯ ಹೊಲಿಗೆಯಲ್ಲಿ ಹೊಲಿದ. ಆಮೇಲೆ ಬೇರೆಯವರದೂ ಬಂದವು. ಶಾಲೆಯಿಂದ ಬಂದವು, ಬೀದಿಯಿಂದ ಬಂದವು. ಕೆಲವರು ಕರೆಯದೆಯೇ ನಮ್ಮ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರು. ಸೌದೆ ಮನೆಯ ಒಂದು ಗೋಡೆಯುದ್ದಕ್ಕೂ ಜನರ ಕಾಲಿನ ಗುರುತಿದ್ದ ಚಪ್ಪಲಿ, ಬೂಟುಗಳು ಸಾಲುಗಟ್ಟಿದವು. ಬೆಲ್ಟಿಗೆಂದು ತಂದಿದ್ದ ಒಳ್ಳೆಯ ಚರ್ಮ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಅಪ್ಪ ಈಗ ಗುನುಗುತ್ತಿರಲಿಲ್ಲ. ಮುಖ ಮುಚ್ಚಿದ ಬಾಗಿಲಿನ ಹಾಗಿತ್ತು. ಅವನು ಯಾಕೆ ಬೇಡ ಎನ್ನಲಿಲ್ಲ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಬೇಡ ಎಂದರೆ ಅವಮಾನ ತನಗೆ ತಾಗಿದೆ ಎಂದು ಒಪ್ಪಿಕೊಂಡ ಹಾಗೆ. ತಾಗಿಲ್ಲ ಎಂದು ತೋರಿಸಬೇಕಾದರೆ ಹೊಲಿಯುತ್ತಲೇ ಇರಬೇಕು. ಬೆಂಗಳೂರಿನ ಆ ಉದ್ದದ ಮೇಜು ನಿಜ, ಉಳಿದದ್ದೆಲ್ಲ ಒಂದು ತಪ್ಪು ತಿಳಿವಳಿಕೆ, ಇಂದಲ್ಲ ನಾಳೆ ಸರಿಹೋಗುತ್ತದೆ ಎಂದು ಅವನು ನಂಬಿಕೊಂಡಿದ್ದ ಅಂತ ನನಗೆ ಕಾಣುತ್ತದೆ.

ಮನೆಯಲ್ಲಿ ಊಟದ ಹೊತ್ತು ಬಂದರೆ ಭಯವಾಗುತ್ತಿತ್ತು. ಅಮ್ಮ ಬಡಿಸುವಾಗ ಸೌಟನ್ನು ಪಾತ್ರೆಗೆ ಬಡಿಯುತ್ತಿದ್ದಳು. ತಾತ ಮುದ್ದೆ ಮುರಿದು ನುಂಗಿ, ತಟ್ಟೆಯಲ್ಲೇ ಕೈ ತೊಳೆದು, ಮಂಚಕ್ಕೆ ಹೋಗುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಅವನು ಮುಖ ತೊಳೆಯಲು ಹಿತ್ತಲಿಗೆ ಹೋದ. ನಾನು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆ. ಸೌದೆ ಮನೆಯ ಬಾಗಿಲಲ್ಲಿ ಗಣಿತದ ಮೇಷ್ಟ್ರು ನಿಂತಿದ್ದರು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಅಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಅವರ ಬಲಗಾಲನ್ನು ಹಿಡಿದು, ಹೊಸದಾಗಿ ಹಾಕಿದ ಪಟ್ಟಿ ಸರಿಯಾಗಿದೆಯೇ ಎಂದು ಎಳೆದು ನೋಡುತ್ತಿದ್ದ. ಮೇಷ್ಟ್ರು ತಾತನನ್ನು ನೋಡಿ ನಕ್ಕರು.

“ತಾತ, ನಿಮ್ಮ ಮಗನ ಕೈಗುಣ ಚೆನ್ನಾಗಿದೆ ಬಿಡಿ. ಹೊಸದಕ್ಕಿಂತ ಗಟ್ಟಿಯಾಗಿದೆ.”

ತಾತ ಮುಖ ತೊಳೆಯಲಿಲ್ಲ. ಒಳಗೆ ಹೋಗಿ ಬಟ್ಟೆಯ ಚೀಲಕ್ಕೆ ಎರಡು ಪಂಚೆ, ಅಂಗಿ ತುಂಬಿದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗ್ ಹೋಗ್ತೀರಾ ಮಾವ? ಈ ವಯಸ್ಸಲ್ಲಿ ಕೇರೀಲಿ ಯಾರಿದ್ದಾರೆ ನಿಮಗೆ?”

“ಅಲ್ಲಿ ಎಲ್ರಿಗೂ ಗೊತ್ತಿದೆ ಕಣಮ್ಮ ನಾನು ಯಾರು ಅಂತ. ಹೊಸದಾಗಿ ಯಾರೂ ಹೇಳಲ್ಲ.”

ಅಪ್ಪ ಹಿತ್ತಲಿಂದ ಓಡಿ ಬಂದ. ಕೈಯಲ್ಲಿ ಮೇಣ ಅಂಟಿತ್ತು. ಅಪ್ಪಾ, ಅಪ್ಪಾ ಎಂದು ಕರೆಯುತ್ತಾ ಬೀದಿಯ ತುದಿಯವರೆಗೂ ಹಿಂದೆ ಹೋದ. ಆ ಬಿಳಿ ಪಂಚೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನು ನಾನು ತಾತನ ಮಂಚದ ಮೇಲೆ ನಿಂತು ಕಿಟಕಿಯಿಂದ ನೋಡಿದೆ.

ತಾತ ಹೋದ ತಿಂಗಳೊಳಗೆ ಓನರಮ್ಮ ಇಳಿದು ಬಂದಳು. ಹೊಸಲಿನ ಹೊರಗೇ ನಿಂತು ಮಾತಾಡಿದಳು.

“ಮೇಷ್ಟ್ರೇ, ಬೌದ್ಧರು ಅಂದಿದ್ರಲ್ಲ ನೀವು. ನಾವೇನೋ ಜೈನರ ಥರ ಅಂದ್ಕೊಂಡಿದ್ವಿ.”

“ಈಗಲೂ ಬೌದ್ಧರೇ ಅಮ್ಮ.”

“ನಿಮ್ಮ ಮೇಲೆ ನಂಗೇನೂ ಇಲ್ಲ. ಚಪ್ಪಲಿ ಕೆಲಸ ಮನೇಲಿ ಅಂದ್ರೆ ಬೀದಿಯವರು ನನ್ನ ಕೇಳ್ತಾರೆ. ನಮ್ಮ ನೆಂಟರೊಬ್ರು ಬರ್ತಾರಂತೆ ಈ ಪೋರ್ಷನ್‌ಗೆ. ಬೇಗ ಒಂದು ಮನೆ ನೋಡ್ಕೊಳ್ಳಿ.”

ಅಪ್ಪ ವರ್ಗಾವಣೆ ಕೇಳಿಕೊಂಡು ಚಿಕ್ಕಬಳ್ಳಾಪುರದ ಶಾಲೆಗೆ ಹಾಕಿಸಿಕೊಂಡ. ಸಾಮಾನು ಕಟ್ಟಿದ ದಿನ ಸೌದೆ ಮನೆಯಿಂದ ಏನನ್ನೂ ತೆಗೆಯಲಿಲ್ಲ. ಉಳಿ, ಸೂಜಿ, ಹಲಗೆ, ಮರದ ಪಿಸ್ತೂಲು, ಸುರುಳಿ ಸುತ್ತಿದ ಚರ್ಮ ಎಲ್ಲವನ್ನೂ ಅಲ್ಲೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಓನರಮ್ಮನಿಗೆ ಕೊಟ್ಟ. ಹೊಸ ಮನೆ ದೊಡ್ಡದಿತ್ತು, ಬೆಳಕಿತ್ತು, ಕಿಟಕಿಯಿಂದ ನಂದಿ ಬೆಟ್ಟ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ತಾತನ ಮಂಚವನ್ನೂ ಹಾಕಿದೆವು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಅಪ್ಪ ಶಾಲೆಯಿಂದ ಬಂದರೆ ಗೋಡೆ ನೋಡಿಕೊಂಡು ಕುಳಿತಿರುತ್ತಿದ್ದ. ಭಾನುವಾರವಾದರೆ ಮಾತ್ರ ಅಮ್ಮ ಕ್ಯಾರಿಯರಿಗೆ ತುಂಬಿಕೊಟ್ಟ ಮುದ್ದೆ, ಅವರೆಕಾಳಿನ ಸಾರು ಹಿಡಿದು, ನನ್ನನ್ನು ಕರೆದುಕೊಂಡು ತಾತನ ಊರಿಗೆ ಬಸ್ಸು ಹತ್ತುತ್ತಿದ್ದ.

ತಾತ ಕೇರಿಯ ಹಳೆಯ ಮನೆಯ ಒಂದು ಮೂಲೆ ಗುಡಿಸಿಕೊಂಡು ಒಬ್ಬನೇ ಇದ್ದ. ನಾವು ಹೋದರೆ ಬಾಗಿಲು ಹಾಕುತ್ತಿರಲಿಲ್ಲ. ನನ್ನನ್ನು ಪಕ್ಕ ಕೂರಿಸಿಕೊಂಡು ಶಾಲೆಯ ವಿಷಯ ಕೇಳುತ್ತಿದ್ದ, ಕ್ಯಾರಿಯರಿನ ಊಟವನ್ನೂ ಮಾಡುತ್ತಿದ್ದ. ಅಪ್ಪನ ಜೊತೆ ಮಾತ್ರ ಮಾತಿಲ್ಲ. ಅಪ್ಪ ಹೊರಗಿನ ಕಲ್ಲಿನ ಮೇಲೆ ಕುಳಿತಿರುತ್ತಿದ್ದ. ಹೊರಡುವಾಗ, ಬರ್ತೀನಪ್ಪ ಎಂದು ಒಳಗೆ ಕೇಳುವ ಹಾಗೆ ಹೇಳುತ್ತಿದ್ದ. ಎಲ್ಲವನ್ನೂ ಬಿಟ್ಟುಬಿಟ್ಟಿದ್ದೇನೆ ಎಂದು ಒಂದು ದಿನ ಬಾಗಿಲಿಗೇ ಹೇಳಿದ. ತಾತ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆದರೂ ಬಸ್ಸಿನ ಹೊತ್ತಿಗೆ ನನ್ನ ಕೈ ಹಿಡಿದು ಟಾರು ರಸ್ತೆಯವರೆಗೂ ಬರುತ್ತಿದ್ದ. ಅಪ್ಪ ನಾಲ್ಕು ಹೆಜ್ಜೆ ಹಿಂದೆ.

ಅದು ಕಡು ಬೇಸಿಗೆಯ ಒಂದು ಮಧ್ಯಾಹ್ನ. ರಸ್ತೆಗೆ ಬಂದು ನಿಂತಾಗ ತಾತನ ಹವಾಯಿ ಚಪ್ಪಲಿಯ ಪಟ್ಟಿ ತೂತಿನಿಂದ ಕಿತ್ತು ಬಂತು. ಅವನು ತೂರಾಡಿ ನನ್ನ ಭುಜ ಹಿಡಿದುಕೊಂಡ. ಅಪ್ಪ ಯೋಚಿಸಲೂ ಇಲ್ಲ. ಓಡಿ ಬಂದು ಮಂಡಿಯೂರಿ ಕುಳಿತು ತಾತನ ಕಾಲಿಗೆ ಕೈ ಹಾಕಿದ.

“ಕಾಲೆತ್ತು ಅಪ್ಪಾ, ಒಂದ್ನಿಮಿಷ. ಹಾಕ್ಕೊಡ್ತೀನಿ.”

“ಮುಟ್ಟಬೇಡ.”

ಎಷ್ಟೋ ತಿಂಗಳ ಮೇಲೆ ತಾತ ಅಪ್ಪನಿಗೆ ಆಡಿದ ಮೊದಲ ಮಾತು ಅದು.

“ಬಿಸಿಲು ಕಣಪ್ಪಾ, ನೆಲ ಕಾದಿದೆ—”

“ನನ್ನ ಕಾಲಿನ್ದನ್ನ ನೀನು ಮುಟ್ಟಬೇಡ ಕಣೋ. ಬೇರೆ ಯಾರದನ್ನಾದ್ರೂ ಮುಟ್ಕೋ ಹೋಗು.”

ತಾತ ಕಾಲನ್ನು ಹಿಂದಕ್ಕೆಳೆದುಕೊಂಡ. ಇನ್ನೊಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ತಿರುಗಿ, ಬರಿಗಾಲಲ್ಲಿ ಊರಿನ ಕಡೆ ನಡೆದ. ಟಾರಿನ ಮೇಲೆ ಅವನ ಹೆಜ್ಜೆ ಬೇಗ ಬೇಗ ಬೀಳುತ್ತಿತ್ತು. ಮಣ್ಣಿನ ದಾರಿಗೆ ಇಳಿದ ಮೇಲೂ ಅವನು ನೆರಳಿಗೆ ಸರಿಯಲಿಲ್ಲ. ಅಪ್ಪ ಮಂಡಿಯ ಮೇಲೇ ಇದ್ದ. ಪಟ್ಟಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ತೂತಿನೊಳಗೆ ಕೂರಿಸಿದ, ಎಳೆದು ನೋಡಿದ, ಎರಡೂ ಚಪ್ಪಲಿಗಳನ್ನು ರಸ್ತೆ ಬದಿಯ ಹೊಂಗೆ ಮರದ ಬುಡದಲ್ಲಿ ಊರಿನ ಕಡೆ ಮುಖ ಮಾಡಿ ಜೋಡಿಸಿಟ್ಟ. ಬಸ್ಸು ಬಂತು. ತಾತನನ್ನು ನಾವು ಜೀವಂತ ನೋಡಿದ್ದು ಅದೇ ಕೊನೆ. ಮುಂದಿನ ಭಾನುವಾರಕ್ಕೆ ಮೊದಲೇ ಊರಿನಿಂದ ಸುದ್ದಿ ಬಂದಿತ್ತು.

ಆ ದಿನ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕುಳಿತ. ಖಾಲಿ ಕ್ಯಾರಿಯರು ಅವನ ತೊಡೆಯ ಮೇಲೆ ಅಲುಗಾಡುತ್ತಿತ್ತು. ಬಸ್ಸು ಮಂಚೇನಹಳ್ಳಿ ದಾಟಿತು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ:

“ಅಪ್ಪನಿಗೆ ಕಾಲು ಸುಟ್ಟಿರ್ತವೆ ಕಣಮ್ಮ.”